ರೇಡ್ ಅರೇ ಕೈಕೊಟ್ಟಾಗ: ಡಿಸ್ಕ್ ಬಿಚ್ಚುವ ಮೊದಲು ಏನೇನು ನೋಡಬೇಕು

ಕಂಪ್ಯೂಟರ್ ಆನ್ ಮಾಡುತ್ತೀರಿ, ನಾಲ್ಕು ಡಿಸ್ಕ್ ಸೇರಿಸಿ ಮಾಡಿದ್ದ ದೊಡ್ಡ ಡ್ರೈವ್, ಅಂದರೆ ರೇಡ್ ಅರೇ, ಕಾಣುವುದಿಲ್ಲ. ಅಥವಾ ಕಾಣುತ್ತದೆ, ಆದರೆ ಪಕ್ಕದಲ್ಲಿ ಹಳದಿ ಗುರುತು, ಡಿಗ್ರೇಡೆಡ್ (ಒಂದು ಡಿಸ್ಕ್ ಕಡಿಮೆಯಿದೆ) ಅಂತ ಬರಹ. ಆಗ ಮೊದಲು ಮಾಡಬೇಕಾದದ್ದು ಒಂದೇ. ಆ ಡಿಸ್ಕ್‌ಗಳ ಮೇಲೆ ಏನನ್ನೂ ಬರೆಯಬೇಡಿ. ಇನಿಷಿಯಲೈಸ್ ಬೇಡ, ಫಾರ್ಮ್ಯಾಟ್ ಬೇಡ, ಚೆಕ್‌ಡಿಸ್ಕ್ ಬೇಡ, ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬಿಸುವ ರೀಬಿಲ್ಡ್ ಕೂಡ ಈಗಲೇ ಬೇಡ.

ಅರೇ ಬಿದ್ದ ಕೂಡಲೇ ಡಿಸ್ಕ್ ಸತ್ತುಹೋಯಿತು ಅಂತ ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ನಾನು ನೋಡಿದ ಮಟ್ಟಿಗೆ ತುಂಬಾ ಸಲ ಡಿಸ್ಕ್ ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ಅದರ ಸುತ್ತಮುತ್ತಲಿನದು: ಬಯೋಸ್ (ಆನ್ ಆದ ಕೂಡಲೇ ಮೊದಲು ಓಡುವ ಬೋರ್ಡಿನ ಸ್ವಂತ ಪ್ರೋಗ್ರಾಮ್) ಸೆಟ್ಟಿಂಗ್, ಕೇಬಲ್, ಪವರ್ ಕನೆಕ್ಟರ್, ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್. ಡೇಟಾ ಹೋಗುವುದು ಆಮೇಲೆ, ಗಾಬರಿಯಲ್ಲಿ ಒತ್ತಿದ ಒಂದು ಬಟನ್‌ನಿಂದ. ಅದಕ್ಕೇ ಇಲ್ಲಿ ಹೊರಗಿನಿಂದ ಒಳಕ್ಕೆ ಹೋಗೋಣ. ಡಿಸ್ಕ್ ಮೇಲೆ ಅನುಮಾನ ಪಡುವುದು ಕೊನೆಗೆ.

ಒಂದು ನಿಜವಾದ ಸೆಟಪ್ ಇಟ್ಟುಕೊಂಡು ಮಾತಾಡಿದರೆ ಸುಲಭ. ನಮ್ಮ ಊರುಗಳ ಮದುವೆ ಫೋಟೋ ಸ್ಟುಡಿಯೋಗಳಲ್ಲಿ ಇಂಥದ್ದು ಸಿಗುತ್ತದೆ: ಇಂಟೆಲ್ ಮದರ್‌ಬೋರ್ಡ್, ವಿಂಡೋಸ್ ಬೇರೆ ಒಂದು ಎಸ್‌ಎಸ್‌ಡಿಯಲ್ಲಿ, ಜೊತೆಗೆ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್, ಬೋರ್ಡ್‌ನಲ್ಲೇ ಬರುವ ಇಂಟೆಲ್ ರಾಪಿಡ್ ಸ್ಟೋರೇಜ್‌ನಿಂದ ಮಾಡಿದ ರೇಡ್ 5. ಬಳಸಲು ಸಿಗುವುದು 12 ಟಿಬಿ, ವಿಂಡೋಸ್ ತನ್ನ ಲೆಕ್ಕದಲ್ಲಿ 10.9 ಅಂತ ತೋರಿಸುತ್ತದೆ, ಅದು ದೋಷವಲ್ಲ.

ರೇಡ್ ಅಂದರೆ ಏನು ಅಂತ ಗೊತ್ತಿರುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಈ ಹೆಸರು ಬಂದದ್ದು 1988ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಬರೆದ ಪ್ರಬಂಧದಿಂದ. ಒಂದು ದುಬಾರಿ ಡಿಸ್ಕ್ ಬದಲು ಹಲವು ಅಗ್ಗದ ಡಿಸ್ಕ್ ಸೇರಿಸುವ ಯೋಚನೆ ಅದು. ರೇಡ್ 0ರಲ್ಲಿ ವೇಗ ಮಾತ್ರ, ಒಂದು ಡಿಸ್ಕ್ ಹೋದರೂ ಎಲ್ಲಾ ಹೋಯಿತು. ರೇಡ್ 1 ಅಂದರೆ ಎರಡು ಡಿಸ್ಕ್‌ನಲ್ಲಿ ಒಂದೇ ಡೇಟಾ. ರೇಡ್ 5ರಲ್ಲಿ ಪ್ಯಾರಿಟಿ ಅಂತ ಒಂದು ಲೆಕ್ಕ ಎಲ್ಲ ಡಿಸ್ಕ್‌ಗಳಲ್ಲೂ ಹಂಚಿರುತ್ತದೆ. ನಾಲ್ಕು ಜನರ ಚಂದಾದ ಒಟ್ಟು ಮೊತ್ತ ಗೊತ್ತಿದ್ದು ಒಬ್ಬರದು ಎಷ್ಟು ಅಂತ ಮರೆತರೆ ಕಳೆದು ಕಂಡುಹಿಡಿಯಬಹುದಲ್ಲ, ಹಾಗೆ ಒಂದು ಡಿಸ್ಕ್ ಹೋದರೆ ಉಳಿದವುಗಳಿಂದ ಲೆಕ್ಕ ಹಾಕಬಹುದು. ಎರಡು ಹೋದರೆ ಆಗುವುದಿಲ್ಲ. ರೇಡ್ 6 ಎರಡನ್ನು ತಡೆದುಕೊಳ್ಳುತ್ತದೆ.

ಬಯೋಸ್ ಮೊದಲು

ಕ್ಯಾಬಿನೆಟ್ ಬಿಚ್ಚುವ ಮೊದಲು ಬಯೋಸ್ ಒಳಗೆ ಹೋಗಿ ಎರಡು ವಿಷಯ ನೋಡಿ. ತಾರೀಖು ಸರಿಯಿದೆಯಾ? ಸಾಟಾ (ಡಿಸ್ಕ್‌ಗಳು ಬೋರ್ಡಿಗೆ ಸೇರುವ ಸಂಪರ್ಕ) ಮೋಡ್ ರೇಡ್ ಅಂತಲೇ ಇದೆಯಾ, ಇಲ್ಲ ಪ್ರತಿ ಡಿಸ್ಕನ್ನೂ ಬಿಡಿಯಾಗಿ ನೋಡುವ ಎಎಚ್‌ಸಿಐ ಅಂತ ಆಗಿದೆಯಾ?

ಇವೆರಡಕ್ಕೂ ಸಂಬಂಧ ಇದೆ. ಮದರ್‌ಬೋರ್ಡ್ ಮೇಲೆ ಸಿಆರ್2032 ಅನ್ನುವ ನಾಣ್ಯದಂಥ 3 ವೋಲ್ಟ್ ಸೆಲ್ ಇರುತ್ತದೆ. ಗಡಿಯಾರ ನಡೆಯುವುದು ಅದರಿಂದ, ಎಷ್ಟೋ ಬೋರ್ಡ್‌ಗಳಲ್ಲಿ ಸೆಟ್ಟಿಂಗ್ ಉಳಿಯುವುದೂ ಅದರಿಂದಲೇ. ಸಂಜೆ ಕೆಲಸ ಮುಗಿಸಿ ಗೋಡೆಯ ಸ್ವಿಚ್ ಆಫ್ ಮಾಡುವ ಅಭ್ಯಾಸ ನಮಗೆಲ್ಲ ಇದೆ ಅಲ್ವಾ, ಹಾಗೆ ಮಾಡಿದಾಗ ಬೋರ್ಡ್‌ಗೆ ಸ್ಟ್ಯಾಂಡ್‌ಬೈ ಕರೆಂಟ್ ಸಿಗದೆ ಸೆಲ್ ಒಂದೇ ದುಡಿಯಬೇಕಾಗುತ್ತದೆ, ಬೇಗ ಖಾಲಿಯಾಗುತ್ತದೆ. ಸೆಲ್ ಖಾಲಿಯಾದರೆ ಬಯೋಸ್ ಕಂಪನಿಯ ಮೂಲ ಸೆಟ್ಟಿಂಗ್‌ಗೆ ಮರಳುತ್ತದೆ. ಹೆಚ್ಚಿನ ಬೋರ್ಡ್‌ಗಳಲ್ಲಿ ಮೂಲ ಸೆಟ್ಟಿಂಗ್ ಎಎಚ್‌ಸಿಐ. ಅಷ್ಟೇ, ಅರೇ ಮಾಯ. ಡಿಸ್ಕ್‌ಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಬಯೋಸ್ ಅಪ್‌ಡೇಟ್ ಮಾಡಿದ ಮೇಲೂ ಇದೇ ಆಗುತ್ತದೆ, ಆದ್ದರಿಂದ ಅಪ್‌ಡೇಟ್‌ಗೆ ಮೊದಲು ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಇಲ್ಲಿ ಒಂದು ಅಪಾಯ ಇದೆ, ಅದನ್ನು ಒತ್ತಿ ಹೇಳಬೇಕು. ವಿಂಡೋಸ್ ಕೂಡ ಅರೇ ಮೇಲೆಯೇ ಇದ್ದಿದ್ದರೆ ಮೋಡ್ ಬದಲಾದಾಗ ಅದು ಬೂಟ್ ಆಗದೆ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಒಂದು ರೀತಿಯಲ್ಲಿ ಅದೇ ಒಳ್ಳೆಯದು. ನಮ್ಮ ಉದಾಹರಣೆಯಲ್ಲಿ ವಿಂಡೋಸ್ ಬೇರೆ ಎಸ್‌ಎಸ್‌ಡಿಯಲ್ಲಿದೆ, ಅದು ಆರಾಮವಾಗಿ ಬೂಟ್ ಆಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಈ ಡಿಸ್ಕ್‌ಗಳು ಹೊಸದಾಗಿ ತಂದವು ಅಂದುಕೊಂಡು, ಇನಿಷಿಯಲೈಸ್ ಮಾಡಲಾ ಅಂತ ಕೇಳುತ್ತದೆ. ಓಕೆ ಅನ್ನುವ ಬಟನ್ ಕೈಗೆ ಹತ್ತಿರವೇ ಇರುತ್ತದೆ. ಒತ್ತಬೇಡಿ. ಕ್ಯಾನ್ಸಲ್ ಕೊಟ್ಟು ಕಂಪ್ಯೂಟರ್ ಆಫ್ ಮಾಡಿ.

ರೇಡ್ 1 ಆಗಿದ್ದರೆ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಎರಡೂ ಡಿಸ್ಕ್‌ನಲ್ಲಿ ಒಂದೇ ಗುರುತು ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಅಂತ ಪಕ್ಕಕ್ಕಿಡುತ್ತದೆ, ಇನ್ನೊಂದರಲ್ಲಿ ಫೈಲ್‌ಗಳೆಲ್ಲ ಮಾಮೂಲಿನಂತೆ ಕಾಣುತ್ತವೆ. ಎಲ್ಲಾ ಸರಿಯಿದೆ ಅಂದುಕೊಂಡು ಕೆಲಸ ಮುಂದುವರಿಸಿದರೆ ಒಂದು ಡಿಸ್ಕ್ ಮಾತ್ರ ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿಯುತ್ತದೆ. ಆಮೇಲೆ ಮೋಡ್ ಸರಿಮಾಡಿದಾಗ ಎರಡೂ ಒಂದೇ ಅಂತ ಅರೇಯನ್ನು ನಡೆಸುವ ಕಂಟ್ರೋಲರ್ ನಂಬಿ, ಒಮ್ಮೆ ಹೊಸದರಿಂದ ಒಮ್ಮೆ ಹಳೆಯದರಿಂದ ಓದುತ್ತದೆ. ಆಫ್‌ಲೈನ್ ಡಿಸ್ಕನ್ನು ಆನ್‌ಲೈನ್ ಮಾಡಲು ಹೋದರೆ ವಿಂಡೋಸ್ ಅದರ ಗುರುತನ್ನೇ ಬದಲಿಸಿ ಬರೆಯುತ್ತದೆ. ಅದನ್ನೂ ಮಾಡಬೇಡಿ.

ಏನೂ ಬರೆಯದೆ ಇದ್ದರೆ ಪರಿಹಾರ ಚಿಕ್ಕದು. ಹೊಸ ಸೆಲ್ ಹಾಕಿ, ತಾರೀಖು ಸರಿಮಾಡಿ, ಸಾಟಾ ಮೋಡನ್ನು ರೇಡ್‌ಗೆ ತಿರುಗಿಸಿ, ಸೇವ್ ಮಾಡಿ. ಇತ್ತೀಚಿನ ಇಂಟೆಲ್ ಬೋರ್ಡ್‌ಗಳಲ್ಲಿ ಇದು ವಿಎಂಡಿ ಅನ್ನುವ ಹೆಸರಿನಲ್ಲಿ ಅಡಗಿರುತ್ತದೆ. ಅರೇಯ ವಿವರ ಪ್ರತಿ ಡಿಸ್ಕಿನ ಕೊನೆಯ ಭಾಗದಲ್ಲಿ ಬರೆದಿರುತ್ತದೆ, ಬೋರ್ಡ್ ಅದನ್ನು ಓದಿ ಅರೇಯನ್ನು ತಾನೇ ಜೋಡಿಸಿಕೊಳ್ಳುತ್ತದೆ. ಹಳೆಯ ಬೋರ್ಡ್‌ನಲ್ಲಿ ಆನ್ ಆಗುವಾಗ ಕಂಟ್ರೋಲ್ ಮತ್ತು ಐ ಒತ್ತಿದರೆ ರೇಡ್ ಪುಟ ಬರುತ್ತದೆ, ಹೊಸದರಲ್ಲಿ ಬಯೋಸ್ ಮೆನುವಿನ ಒಳಗೇ ಇರುತ್ತದೆ. ಆ ಪುಟವನ್ನು ನೋಡುವುದಕ್ಕೆ ಮಾತ್ರ ಬಳಸಿ. ಅಲ್ಲಿ ಡಿಲೀಟ್ ರೇಡ್ ವಾಲ್ಯೂಮ್, ರೀಸೆಟ್ ಡಿಸ್ಕ್ಸ್ ಟು ನಾನ್ ರೇಡ್ ಅನ್ನುವ ಆಯ್ಕೆಗಳಿವೆ. ಎರಡನೆಯದರ ಹೆಸರು ಕೇಳಿದರೆ ಡಿಸ್ಕನ್ನು ಸರಿಮಾಡುವ ಹಾಗಿದೆ, ಆದರೆ ಅದು ಅಳಿಸುವುದು ಇದೇ ವಿವರವನ್ನು.

ಕೇಬಲ್, ಕನೆಕ್ಟರ್, ಎಸ್‌ಎಂಪಿಎಸ್

ಮೋಡ್ ಸರಿಯಿದೆ, ರೇಡ್ ಪುಟದಲ್ಲಿ ನಾಲ್ಕರ ಬದಲು ಮೂರೇ ಡಿಸ್ಕ್ ಕಾಣುತ್ತಿವೆ ಅನ್ನಿ. ಈಗ ಕ್ಯಾಬಿನೆಟ್ ಬಿಚ್ಚಬಹುದು. ಕೇಬಲ್ ಮುಟ್ಟುವ ಮೊದಲು ಯಾವ ಕೇಬಲ್ ಎಲ್ಲಿಗೆ ಹೋಗಿದೆ ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ರೇಡ್ ಪುಟದಲ್ಲಿ ಪೋರ್ಟ್ ನಂಬರ್ ಸೊನ್ನೆಯಿಂದ ಶುರುವಾಗಿ, ಬೋರ್ಡ್ ಮೇಲೆ ಒಂದರಿಂದ ಅಚ್ಚು ಹಾಕಿರುವುದುಂಟು, ಆದ್ದರಿಂದ ಪೋರ್ಟ್ ನಂಬರ್ ನಂಬಬೇಡಿ. ಪ್ರತಿ ಡಿಸ್ಕಿನ ಲೇಬಲ್ ಮೇಲೆ ಸೀರಿಯಲ್ ನಂಬರ್ ಇರುತ್ತದೆ, ರೇಡ್ ಪುಟದಲ್ಲೂ ಅದೇ ನಂಬರ್ ಕಾಣುತ್ತದೆ. ಅಲ್ಲಿ ಕಾಣುವ ಮೂರನ್ನು ಬರೆದುಕೊಂಡರೆ ಕಾಣದ ನಾಲ್ಕನೆಯದು ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ. ರೇಡ್ 5ರಲ್ಲಿ ಒಂದು ಡಿಸ್ಕ್ ಹೋಗಿರುವಾಗ ತಪ್ಪಿ ಇನ್ನೊಂದು ಒಳ್ಳೆಯ ಡಿಸ್ಕ್ ಎಳೆದರೆ ಅರೇ ಪೂರ್ತಿ ಬೀಳುತ್ತದೆ, ಅದಕ್ಕೇ ಈ ಸೀರಿಯಲ್ ನಂಬರ್ ಹಟ.

ಮೊದಲು ಡೇಟಾ ಕೇಬಲ್ ಬದಲಿಸಿ. ಸಾಟಾ ಕೇಬಲ್‌ಗೆ ಹೆಚ್ಚು ಖರ್ಚಿಲ್ಲ, ಲಾಕ್ ಕ್ಲಿಪ್ ಇರುವುದನ್ನೇ ತನ್ನಿ. ಆಮೇಲೆ ಪವರ್ ಕನೆಕ್ಟರ್. ಒಂದೇ ತಂತಿಗೆ ಸ್ಪ್ಲಿಟರ್ ಹಾಕಿ ನಾಲ್ಕೂ ಡಿಸ್ಕ್‌ಗೆ ಕೊಟ್ಟಿದ್ದರೆ ಅಲ್ಲೇ ಅನುಮಾನ ಪಡಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟ್ ಲೈನ್‌ನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಡಿಸ್ಕ್ ಒಟ್ಟಿಗೆ ಅಂದರೆ 8 ಆಂಪಿಯರ್, ಹತ್ತಿರ ಹತ್ತಿರ 100 ವಾಟ್, ಕೆಲವು ಸೆಕೆಂಡ್ ಮಟ್ಟಿಗೆ. ಸಡಿಲ ಸ್ಪ್ಲಿಟರ್ ಅಥವಾ ವಯಸ್ಸಾದ ಎಸ್‌ಎಂಪಿಎಸ್ ಇದನ್ನು ತಡೆಯುವುದಿಲ್ಲ. ಕೊನೆಯಲ್ಲಿರುವ ಡಿಸ್ಕ್‌ಗೆ ವೋಲ್ಟೇಜ್ ಕುಸಿದು, ಅದು ನಿಂತು ಮತ್ತೆ ತಿರುಗಲು ಶುರುಮಾಡುತ್ತದೆ, ಅಷ್ಟರಲ್ಲಿ ಕಂಟ್ರೋಲರ್ ಅದನ್ನು ಹೊರಗಿಟ್ಟಿರುತ್ತದೆ. ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ, ಪ್ಲಾಸ್ಟಿಕ್ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಕನೆಕ್ಟರ್ ಇದ್ದರೆ ಕಿತ್ತು ಬಿಸಾಕಿ. ಅವುಗಳೊಳಗೆ ಶಾರ್ಟ್ ಆಗಿ ಬೆಂಕಿ ಹತ್ತಿದ್ದೂ ಇದೆ.

ಒಂದೇ ಸಲಕ್ಕೆ ಎರಡು ಡಿಸ್ಕ್ ಕಾಣೆಯಾಗಿ ಫೇಲ್ಡ್ ಅಂತ ಬಂದರೆ ಎದೆ ಒಡೆದುಕೊಳ್ಳಬೇಡಿ. ಎರಡು ಡಿಸ್ಕ್ ಒಂದೇ ನಿಮಿಷದಲ್ಲಿ ಸಾಯುವುದು ಅಪರೂಪ. ಆ ಎರಡೂ ಒಂದೇ ಪವರ್ ತಂತಿಯಲ್ಲಿವೆಯಾ ನೋಡಿ.

ಡಿಸ್ಕನ್ನೇ ಕೇಳುವುದು

ಈಗ ಸ್ಮಾರ್ಟ್ ಮಾಹಿತಿ ನೋಡುವ ಸಮಯ. ಇದು ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ಓದುವುದರಿಂದ ಏನೂ ಹಾಳಾಗುವುದಿಲ್ಲ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು, ಇಂಟೆಲ್ ರೇಡ್ ಒಳಗಿನ ಡಿಸ್ಕ್‌ಗಳನ್ನೂ ಅದು ತೋರಿಸುತ್ತದೆ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್. ಒಂದು ಎಚ್ಚರ: ಕ್ರಿಸ್ಟಲ್‌ಡಿಸ್ಕ್‌ಇನ್ಫೋ ರಾ ವ್ಯಾಲ್ಯೂಗಳನ್ನು (ಮೂಲ ಸಂಖ್ಯೆಗಳನ್ನು) ಮೊದಲಿಗೆ ಹೆಕ್ಸ್‌ನಲ್ಲಿ, ಅಂದರೆ 16ರ ಎಣಿಕೆಯಲ್ಲಿ, ತೋರಿಸುತ್ತದೆ. 10 ಅಂತ ಕಂಡರೆ ಅದು 16. ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಿಸಿಕೊಂಡು ಓದಿ.

ಉದ್ದನೆಯ ಪಟ್ಟಿಯಲ್ಲಿ ನನಗೆ ಬೇಕಾಗುವುದು ಕೆಲವೇ ಸಾಲು. 5ನೆಯದು ಕೆಟ್ಟ ಸೆಕ್ಟರ್ (ಡಿಸ್ಕಿನಲ್ಲಿ ಡೇಟಾ ಇಡುವ ಚಿಕ್ಕ ತುಣುಕು) ಬದಲಿಗೆ ಎಷ್ಟು ಮೀಸಲು ಸೆಕ್ಟರ್ ಬಳಸಿಕೊಂಡಿದೆ ಅಂತ ಹೇಳುತ್ತದೆ. 197 ಓದಲಾಗದೆ ಬಾಕಿ ಉಳಿದ ಸೆಕ್ಟರ್, 198 ಸರಿಪಡಿಸಲಾಗದ್ದು. ಈ ಮೂರರಲ್ಲಿ ಸೊನ್ನೆ ಇದ್ದರೆ ನೆಮ್ಮದಿ. 197 ಏರುತ್ತಾ ಹೋದರೆ ಆ ಡಿಸ್ಕ್ ನಿಜವಾಗಿಯೂ ಹೋಗುತ್ತಿದೆ. 199 ಬೇರೆ ಕಥೆ. ಅದು ಡಿಸ್ಕಿಗೂ ಬೋರ್ಡಿಗೂ ನಡುವೆ ಡೇಟಾ ಕೆಟ್ಟ ಲೆಕ್ಕ, ಸಾಮಾನ್ಯವಾಗಿ ಕೇಬಲ್ ದೋಷ. ಅದು ಎಂದೂ ಕಡಿಮೆಯಾಗುವುದಿಲ್ಲ, ಕೇಬಲ್ ಬದಲಿಸಿದ ಮೇಲೂ ಹಳೆಯ ಸಂಖ್ಯೆ ಹಾಗೇ ಇರುತ್ತದೆ. ಬರೆದಿಟ್ಟುಕೊಂಡು ಎರಡು ದಿನ ಬಿಟ್ಟು ನೋಡಿ, ಏರದೆ ನಿಂತಿದ್ದರೆ ಕೇಬಲ್ ದೋಷ ಮುಗಿಯಿತು.

12ನೆಯ ಸಾಲನ್ನು ಹೆಚ್ಚಿನವರು ನೋಡುವುದೇ ಇಲ್ಲ, ನನಗೆ ಅದು ತುಂಬಾ ಇಷ್ಟದ ಸಾಲು. ಡಿಸ್ಕ್ ಎಷ್ಟು ಸಲ ಆನ್ ಆಗಿದೆ ಅಂತ ಅದು ಎಣಿಸುತ್ತದೆ. ಒಂದೇ ದಿನ ಹಾಕಿದ ನಾಲ್ಕು ಡಿಸ್ಕ್‌ಗಳಲ್ಲಿ ಈ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕು ಅಲ್ವಾ? ಮೂರರಲ್ಲಿ 900ರ ಆಸುಪಾಸು ಇದ್ದು ಒಂದರಲ್ಲಿ 1300 ಇದ್ದರೆ, ಕಂಪ್ಯೂಟರ್ ನಡೆಯುತ್ತಿರುವಾಗಲೇ ಆ ಡಿಸ್ಕಿಗೆ ಪವರ್ ಹೋಗಿ ಬರುತ್ತಿದೆ ಅಂತ ಅರ್ಥ. ಡಿಸ್ಕಿನದು ತಪ್ಪಲ್ಲ, ಕನೆಕ್ಟರ್‌ನದು.

ವಿಂಡೋಸ್‌ನ ಈವೆಂಟ್ ವ್ಯೂವರ್ ಕೂಡ ಸಾಕ್ಷಿ ಹೇಳುತ್ತದೆ. ಸಿಸ್ಟಮ್ ಲಾಗ್‌ನಲ್ಲಿ ಈವೆಂಟ್ 7 ಬಂದಿದ್ದರೆ ಕೆಟ್ಟ ಬ್ಲಾಕ್, ಅಂದರೆ ಡಿಸ್ಕಿನ ಕಡೆ ನೋಡಿ. 11 ಬಂದರೆ ಕಂಟ್ರೋಲರ್ ದೋಷ. 129 ಅಂದರೆ ಡಿಸ್ಕ್ ಉತ್ತರ ಕೊಡಲಿಲ್ಲ ಅಂತ ಡ್ರೈವರ್ ರೀಸೆಟ್ ಕಳಿಸಿದೆ, 153 ಅಂದರೆ ಓದು ಬರಹವನ್ನು ಮತ್ತೆ ಪ್ರಯತ್ನಿಸಿದೆ. 129, 153 ಇವೆರಡೇ ತುಂಬಿಕೊಂಡು 7 ಎಲ್ಲೂ ಇಲ್ಲದಿದ್ದರೆ ನಾನು ಮತ್ತೆ ಕೇಬಲ್ ಮತ್ತು ಪವರ್‌ಗೇ ವಾಪಸ್ ಹೋಗುತ್ತೇನೆ.

ಎಲ್ಲಾ ಸರಿಯಿದ್ದೂ ಡಿಸ್ಕ್ ಬೀಳುತ್ತಿದ್ದರೆ

ಕೆಲವು ಅರೇಗಳಲ್ಲಿ ಸ್ಮಾರ್ಟ್ ಚೆನ್ನಾಗಿದೆ, ಕೇಬಲ್ ಹೊಸದು, ಆದರೂ ತಿಂಗಳಿಗೊಮ್ಮೆ ಒಂದು ಡಿಸ್ಕ್ ಹೊರಬೀಳುತ್ತದೆ. ಮಾಡೆಲ್ ನಂಬರ್ ನೋಡಿ. ಸಾಧಾರಣ ಡೆಸ್ಕ್‌ಟಾಪ್ ಡಿಸ್ಕ್ ಒಂದು ಸೆಕ್ಟರ್ ಓದಲಾಗದಿದ್ದರೆ ಬಿಡದೆ ಪ್ರಯತ್ನಿಸುತ್ತದೆ, ಕೆಲವೊಮ್ಮೆ ಒಂದೆರಡು ನಿಮಿಷ. ಒಂಟಿ ಡಿಸ್ಕ್ ಆಗಿದ್ದರೆ ಅದು ಒಳ್ಳೆಯ ಗುಣ. ರೇಡ್‌ನಲ್ಲಿ ಅದೇ ತೊಂದರೆ, ಏಕೆಂದರೆ ಅಷ್ಟು ಹೊತ್ತು ಕಾಯದೆ ಕಂಟ್ರೋಲರ್ ಡಿಸ್ಕ್ ಸತ್ತಿದೆ ಅಂತ ತೀರ್ಮಾನಿಸುತ್ತದೆ. ನ್ಯಾಸ್‌ಗೆ (ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ) ಅಂತ ಮಾರುವ ಡಿಸ್ಕ್‌ಗಳು ಸುಮಾರು 7 ಸೆಕೆಂಡ್‌ನಲ್ಲಿ ಕೈಚೆಲ್ಲಿ, ಓದಲಾಗಲಿಲ್ಲ ಅಂತ ಹೇಳಿಬಿಡುತ್ತವೆ, ಉಳಿದದ್ದನ್ನು ಪ್ಯಾರಿಟಿ ನೋಡಿಕೊಳ್ಳುತ್ತದೆ. ಲಿನಕ್ಸ್ ಸಾಫ್ಟ್‌ವೇರ್ ರೇಡ್ ಬಳಸುವವರು ಸ್ಮಾರ್ಟ್‌ಸಿಟಿಎಲ್‌ನಿಂದ ಈ ಸಮಯವನ್ನು 7 ಸೆಕೆಂಡ್‌ಗೆ ಇಡಬಹುದು. ಡಿಸ್ಕ್ ಅದಕ್ಕೆ ಒಪ್ಪದಿದ್ದರೆ ಲಿನಕ್ಸ್‌ನ 30 ಸೆಕೆಂಡ್ ಕಾಯುವ ಸಮಯವನ್ನು 180ಕ್ಕೆ ಏರಿಸುವುದು ಒಳ್ಳೆಯದು.

ಇನ್ನೊಂದು, ಎಸ್‌ಎಂಆರ್ ಡಿಸ್ಕ್. ಇವುಗಳಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಸ್ವಲ್ಪ ಏರಿರುತ್ತವೆ, ಹೀಗಾಗಿ ನಡುವೆ ಬದಲಿಸಿ ಬರೆಯಬೇಕಾದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಫೈಲ್ ಸಂಗ್ರಹಕ್ಕೆ ಪರವಾಗಿಲ್ಲ, ಆದರೆ ರೀಬಿಲ್ಡ್‌ನಂಥ ನಿಲ್ಲದ ಬರಹ ಬಂದಾಗ ವೇಗ ಪಾತಾಳಕ್ಕೆ ಇಳಿಯುತ್ತದೆ. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿಯ ಇಎಫ್‌ಎಎಕ್ಸ್ ಮಾಡೆಲ್‌ಗಳು ಎಸ್‌ಎಂಆರ್ ಅಂತ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಕಂಪನಿ ರೆಡ್ ಪ್ಲಸ್ ಅಂತ ಬೇರೆ ಸಾಲು ಮಾಡಿ, ಟ್ರ್ಯಾಕ್‌ಗಳು ಹೀಗೆ ಒಂದರ ಮೇಲೊಂದು ಏರಿರದ ಸಿಎಂಆರ್ ಡಿಸ್ಕ್‌ಗಳನ್ನು ಅಲ್ಲಿಟ್ಟಿತು. ಬದಲಿ ಡಿಸ್ಕ್ ತರುವಾಗ ಟಿಬಿ ಮಾತ್ರ ನೋಡದೆ ಸಿಎಂಆರ್ ಹೌದಾ ಅಂತ ಕಂಪನಿಯ ಪಟ್ಟಿಯಲ್ಲೇ ನೋಡಿಕೊಂಡು ತನ್ನಿ. ಸೆಕ್ಟರ್ ಲೆಕ್ಕದಲ್ಲಿ ಹಳೆಯದಕ್ಕಿಂತ ಒಂದಿಷ್ಟು ಚಿಕ್ಕದಾದರೂ ಅರೇ ಅದನ್ನು ಸೇರಿಸಿಕೊಳ್ಳುವುದಿಲ್ಲ ಅನ್ನುವುದೂ ನೆನಪಿರಲಿ.

ಕರೆಂಟ್ ಹೋದ ಮೇಲೆ ಬರುವ ತೊಂದರೆಗೂ ಒಂದು ಮಾತು. ರೇಡ್ 5ರಲ್ಲಿ ಡೇಟಾ ಬೇರೆ, ಪ್ಯಾರಿಟಿ ಬೇರೆ ಡಿಸ್ಕಿಗೆ ಹೋಗುತ್ತದೆ. ಎರಡರ ನಡುವೆ ಕರೆಂಟ್ ಹೋದರೆ ಅವು ತಾಳೆಯಾಗುವುದಿಲ್ಲ. ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ, ಮುಂದೆ ಒಂದು ಡಿಸ್ಕ್ ಸತ್ತು ಆ ಪ್ಯಾರಿಟಿಯಿಂದಲೇ ಡೇಟಾ ಲೆಕ್ಕ ಹಾಕಬೇಕಾದಾಗ ತಪ್ಪು ಡೇಟಾ ಬರುತ್ತದೆ. ಅದಕ್ಕೇ ದಿಢೀರ್ ಆಫ್ ಆದಮೇಲೆ ಇಂಟೆಲ್ ಆ್ಯಪ್‌ನಲ್ಲಿ ಇವೆರಡನ್ನೂ ತಾಳೆ ನೋಡುವ ವೆರಿಫೈ ನಡೆಯಲು ಬಿಡಿ. ಒಳ್ಳೆಯ ಯುಪಿಎಸ್ ಇಲ್ಲದ ಕಡೆ ರೈಟ್ ಬ್ಯಾಕ್ ಕ್ಯಾಶ್ (ಡೇಟಾವನ್ನು ಮೊದಲು ಮೆಮೊರಿಯಲ್ಲಿಟ್ಟು ಆಮೇಲೆ ಡಿಸ್ಕಿಗೆ ಬರೆಯುವುದು) ಆಫ್ ಇಡಿ, ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ. ಮನೆಯ ಇನ್ವರ್ಟರ್ ಮೇಲೆ ಓಡಿಸುತ್ತಿದ್ದರೆ ಅದರ ಹಿಂದೆ ಇರುವ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ, ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಡಿಸ್ಕ್ ನಿಜವಾಗಿ ಸತ್ತಿದ್ದರೆ: ರೀಬಿಲ್ಡ್‌ಗೆ ಮೊದಲು ಕಾಪಿ

ಎಲ್ಲಾ ನೋಡಿದಿರಿ, ಒಂದು ಡಿಸ್ಕ್ ನಿಜಕ್ಕೂ ಹೋಗಿದೆ. ಅರೇ ಡಿಗ್ರೇಡೆಡ್, ಆದರೆ ಫೈಲ್ ತೆರೆಯುತ್ತಿವೆ. ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಒತ್ತಲು ಕೈ ತುರಿಸುತ್ತದೆ. ತಡೆಯಿರಿ, ಒಂದು ಲೆಕ್ಕ ನೋಡೋಣ.

ರೀಬಿಲ್ಡ್ ಅಂದರೆ ಉಳಿದ ಮೂರೂ ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದುವುದು. ಮೂರು ನಾಲ್ಕಲಿ 12 ಟಿಬಿ. ಸಾಧಾರಣ ಡಿಸ್ಕ್‌ಗಳ ಸ್ಪೆಸಿಫಿಕೇಶನ್ ಹಾಳೆಯಲ್ಲಿ 10ರ 14ನೇ ಘಾತದಷ್ಟು ಬಿಟ್ ಓದಿದರೆ ಹೆಚ್ಚೆಂದರೆ ಒಂದು ಓದಲಾಗದ ದೋಷ ಬರಬಹುದು ಅಂತ ಬರೆದಿರುತ್ತದೆ. ಅಷ್ಟು ಬಿಟ್ ಅಂದರೆ 12.5 ಟಿಬಿ. ನಿಜವಾದ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ, ಆದರೆ ಕಂಪನಿ ಕೊಡುವ ಭರವಸೆ ಅಷ್ಟೇ. ಸಮಯದ ಲೆಕ್ಕ ಬೇರೆ: ಸೆಕೆಂಡಿಗೆ 150 ಎಂಬಿ ವೇಗದಲ್ಲಿ 4 ಟಿಬಿ ಬರೆಯಲು ಏಳೂವರೆ ಗಂಟೆ ಬೇಕು, ನಡುವೆ ನೀವು ಕೆಲಸ ಮಾಡಿದರೆ ಒಂದು ದಿನ ದಾಟಬಹುದು. ಅಷ್ಟು ಹೊತ್ತು, ಒಂದೇ ವಯಸ್ಸಿನ, ಬಹುಶಃ ಒಂದೇ ಬ್ಯಾಚಿನ ಮೂರು ಡಿಸ್ಕ್‌ಗಳು ಬಿಡದೆ ದುಡಿಯಬೇಕು. ಇನ್ನೊಂದು ಕೈಕೊಟ್ಟರೆ ಎಲ್ಲಾ ಮುಗಿಯಿತು.

ಆದ್ದರಿಂದ ಮೊದಲು ಮುಖ್ಯ ಫೈಲ್‌ಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಇನ್ನೂ ಗ್ರಾಹಕರಿಗೆ ಕೊಡದ ಮದುವೆಯ ಫೋಟೋ ಮೊದಲು, ಲೆಕ್ಕಪತ್ರ ಆಮೇಲೆ, ಹಳೆಯ ವಿಡಿಯೋ ಕೊನೆಗೆ. ಉಳಿದ ಡಿಸ್ಕ್‌ಗಳಲ್ಲಿ ಒಂದರ 197 ಕೂಡ ಏರಿದ್ದರೆ ರೀಬಿಲ್ಡ್ ಯೋಚನೆ ಬಿಡಿ. ಆ ಡಿಸ್ಕನ್ನು ಲಿನಕ್ಸ್‌ನ ಡಿಡಿರೆಸ್ಕ್ಯೂನಿಂದ ಅಷ್ಟೇ ದೊಡ್ಡ ಹೊಸ ಡಿಸ್ಕಿಗೆ ನಕಲು ಮಾಡಿ. ಅದು ಸುಲಭವಾಗಿ ಸಿಗುವ ಭಾಗ ಮೊದಲು ಓದಿ, ಕಷ್ಟದ್ದನ್ನು ಕೊನೆಗೆ ಪ್ರಯತ್ನಿಸುತ್ತದೆ, ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸುತ್ತದೆ. ಮೂಲ ಯಾವುದು, ನಕಲು ಹೋಗುವುದು ಯಾವುದಕ್ಕೆ ಅಂತ ಸೀರಿಯಲ್ ನಂಬರ್ ನೋಡಿಯೇ ಬರೆಯಿರಿ. ಅದು ಅದಲುಬದಲಾದರೆ ವಾಪಸ್ ಬರುವ ದಾರಿ ಇಲ್ಲ.

ಮದರ್‌ಬೋರ್ಡೇ ಸತ್ತಿದ್ದರೆ ಕೂಡ ದಾರಿ ಇದೆ. ಇಂಟೆಲ್ ರೇಡ್ ಇರುವ ಬೇರೆ ಬೋರ್ಡ್ ಸಾಮಾನ್ಯವಾಗಿ ಈ ಡಿಸ್ಕ್‌ಗಳನ್ನು ಗುರುತಿಸುತ್ತದೆ. ಅದೂ ಸಿಗದಿದ್ದರೆ ಲಿನಕ್ಸ್‌ನಲ್ಲಿ ರೇಡ್ ನೋಡಿಕೊಳ್ಳುವ ಎಂಡಿಎಡಿಎಂ ಇಂಟೆಲ್ ಬರೆದ ವಿವರವನ್ನು ಓದಬಲ್ಲದು. ಮೊದಲು ಎಕ್ಸಾಮಿನ್ ಆಯ್ಕೆಯಿಂದ ಪ್ರತಿ ಡಿಸ್ಕಿನಲ್ಲೂ ಏನು ಬರೆದಿದೆ ನೋಡಿ, ಆಮೇಲೆ ಅರೇಯನ್ನು ಜೋಡಿಸುವ ಅಸೆಂಬಲ್ ಅನ್ನು ರೀಡ್ ಓನ್ಲಿಯಲ್ಲಿ (ಏನೂ ಬರೆಯದಂತೆ) ಮಾಡಿ. ಲಿನಕ್ಸ್‌ನದೇ ರೇಡ್ ಆಗಿದ್ದರೆ ಈವೆಂಟ್ಸ್ ಅನ್ನುವ ಸಂಖ್ಯೆ (ಅರೇ ಬದಲಾದಂತೆ ಏರುವ ಎಣಿಕೆ) ಹೋಲಿಸಿ. ಹೊರಬಿದ್ದ ಡಿಸ್ಕಿನದು ಉಳಿದವಕ್ಕಿಂತ ಸ್ವಲ್ಪವೇ ಹಿಂದಿದ್ದರೆ ಫೋರ್ಸ್ ಕೊಟ್ಟು ಜೋಡಿಸಬಹುದು, ತುಂಬಾ ಹಿಂದಿದ್ದರೆ ಅದರಲ್ಲಿರುವುದು ಹಳೆಯ ಡೇಟಾ, ಸೇರಿಸಬೇಡಿ. ಯಾರಾದರೂ ಕ್ರಿಯೇಟ್ ಆಯ್ಕೆಯಿಂದ ಮತ್ತೆ ಅರೇ ಮಾಡಿ ಸರಿಹೋಗುತ್ತದೆ ಅಂದರೆ ಕೇಳಬೇಡಿ. ಡಿಸ್ಕ್‌ಗಳ ಕ್ರಮ, ಸ್ಟ್ರೈಪ್ ಸೈಜ್ (ಒಂದೊಂದು ಡಿಸ್ಕಿಗೆ ಹಂಚುವ ತುಂಡಿನ ಅಳತೆ), ಶುರುವಾಗುವ ಜಾಗ, ಇವುಗಳಲ್ಲಿ ಒಂದು ತಪ್ಪಿದರೂ ಸಾಕು, ತಪ್ಪು ಲೆಕ್ಕದ ಪ್ಯಾರಿಟಿ ಒಳ್ಳೆಯ ಡೇಟಾ ಮೇಲೆ ಹೋಗಿ ಕೂರುತ್ತದೆ.

ಡಿಸ್ಕ್ ಟಕ್ ಟಕ್ ಅಂತ ಶಬ್ದ ಮಾಡುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಇಲ್ಲ ರೇಡ್ 0ರ ಒಂದು ಡಿಸ್ಕ್ ಬಯೋಸ್‌ಗೂ ಕಾಣದಿದ್ದರೆ ಪವರ್ ತೆಗೆದು ಅಲ್ಲಿಗೇ ನಿಲ್ಲಿಸಿ. ಆನ್ ಮಾಡಿದಷ್ಟೂ ಒಳಗೆ ಕೆರೆದುಹೋಗುತ್ತದೆ. ಸಾಧಾರಣ ಕೋಣೆಯಲ್ಲಿ ಡಿಸ್ಕಿನ ಮುಚ್ಚಳ ಬಿಚ್ಚುತ್ತೇನೆ ಅನ್ನುವವರ ಕೈಗೆ ಕೊಡಬೇಡಿ, ಕ್ಲೀನ್ ರೂಮ್ ಇರುವ ಡೇಟಾ ರಿಕವರಿ ಲ್ಯಾಬ್‌ಗೇ ಹೋಗಿ. ಕೆಟ್ಟದ್ದು ಒಂದನ್ನೇ ಒಯ್ದರೆ ಸಾಲುವುದಿಲ್ಲ, ಅರೇಯ ಎಲ್ಲಾ ಡಿಸ್ಕ್‌ಗಳೂ ಬೇಕು. ಪ್ರತಿ ಡಿಸ್ಕ್ ಮೇಲೆ ಯಾವ ಪೋರ್ಟ್‌ನಲ್ಲಿತ್ತು ಅಂತ ಮಾರ್ಕರ್‌ನಿಂದ ಬರೆಯಿರಿ. ಜೊತೆಗೆ ಒಂದು ಚೀಟಿಯಲ್ಲಿ ಬೋರ್ಡಿನ ಮಾಡೆಲ್, ರೇಡ್ ಯಾವುದು, ಸ್ಟ್ರೈಪ್ ಸೈಜ್ ಎಷ್ಟು, ಯಾವ ಡಿಸ್ಕ್ ಮೊದಲು ಹೊರಬಿತ್ತು, ಆಮೇಲೆ ಏನೇನು ಮಾಡಲಾಯಿತು ಅನ್ನುವುದನ್ನು ಮುಚ್ಚಿಡದೆ ಬರೆದುಕೊಡಿ. ಮೊದಲು ಹೊರಬಿದ್ದ ಡಿಸ್ಕಿನಲ್ಲಿ ಹಳೆಯ ಡೇಟಾ ಇರುವುದರಿಂದ ಆ ಕ್ರಮ ಗೊತ್ತಾದರೆ ಅವರ ಕೆಲಸ ಎಷ್ಟೋ ಹಗುರಾಗುತ್ತದೆ.